ಸೆಕೆಂಡ್ ಹ್ಯಾಂಡ್ ಎಕ್ಸ್‌ಕವೇಟರ್‌ನಲ್ಲಿ ಕಮ್ಯುನಿಕೇಷನ್ ಎರರ್: ಕಂಟ್ರೋಲರ್ ಹೊಸದು ಹಾಕಿಸಲಾ, ಹಳೆಯದು ಸಾಕಾ?

ಎರಡೂ ಬೇಡ. ಕಂಟ್ರೋಲರ್ ಅನ್ನುವ ಆ ಕಂಪ್ಯೂಟರ್ ಡಬ್ಬಕ್ಕೆ ಮೆಕ್ಯಾನಿಕ್‌ಗೆ ನೀವಿನ್ನೂ ಅಡ್ವಾನ್ಸ್ ಕೊಟ್ಟಿಲ್ಲ ಅಂದುಕೊಂಡು ಬರೆಯುತ್ತಿದ್ದೇನೆ.

ಬೆಳಿಗ್ಗೆ ಚೆನ್ನಾಗಿ ಓಡುತ್ತದೆ, ಬಿಸಿಲೇರಿದ ಮೇಲೆ ಮಾನಿಟರ್‌ನಲ್ಲಿ ಎರರ್ ಬರುತ್ತದೆ, ಬೂಮ್ (ಗಾಡಿಯ ದೊಡ್ಡ ತೋಳು) ನಿಧಾನ, ಡಯಲ್ ತಿರುಗಿಸಿದರೂ ಇಂಜಿನ್ ಸ್ಪೀಡ್ ಏರುವುದಿಲ್ಲ, ಕೀ ಆಫ್ ಮಾಡಿ ಆನ್ ಮಾಡಿದರೆ ಅರ್ಧ ಗಂಟೆ ಮತ್ತೆ ಸರಿ. ನೀವು ಬರೆದಿರುವುದು ಇಷ್ಟೇ. ನನಗೆ ಮಾತ್ರ ನಮ್ಮ ಗಾಡಿಯ ಜಾತಕವನ್ನೇ ಓದಿದ ಹಾಗಾಯಿತು.

ನಾನು ದಾವಣಗೆರೆಯವನು. ಇಪ್ಪತ್ತು ಟನ್ನಿನ ಹಳೇ ಗಾಡಿಯೊಂದನ್ನು ಚಿತ್ರದುರ್ಗದ ಕಡೆಯಿಂದ ತಂದಿದ್ದೆ. (ಯಾವ ಕಂಪನಿಯದಾದರೂ ನಮ್ಮ ಜನ ಹಿಟಾಚಿ ಅಂತಲೇ ಕರೆಯುತ್ತಾರೆ, ನನ್ನದು ಆ ಕಂಪನಿಯದಲ್ಲ.) ಭೀಮಸಮುದ್ರದ ಕಡೆ ಅದಿರು ಗಣಿಯಲ್ಲಿ ದುಡಿದಿದ್ದ ಗಾಡಿ. ಹೊರಗೆಲ್ಲ ಹೊಸ ಬಣ್ಣ, ಸೀಟಿನ ಹಿಂದೆ ಕೈ ಹಾಕಿದರೆ ಬೆರಳಿಗೆ ಕುಂಕುಮದ ಹಾಗೆ ಕೆಂಪು ಧೂಳು. ಬಕೆಟ್ ಪಿನ್ ಅಲ್ಲಾಡಿಸಿ ನೋಡಿದೆ, ಚೈನ್ ನೋಡಿದೆ, ಸುತ್ತು ತಿರುಗಿಸಿ ಶಬ್ದ ಕೇಳಿದೆ. ವೈರಿಂಗ್ ಯಾರು ನೋಡುತ್ತಾರೆ ಹೇಳಿ?

ಚನ್ನಗಿರಿ ಹತ್ತಿರ ಅಡಿಕೆ ತೋಟಕ್ಕೆ ಟ್ರೆಂಚ್ ಹೊಡೆಯುವ ಕೆಲಸ ಸಿಕ್ಕಿತ್ತು. ಮೂರನೇ ದಿನ ಆಪರೇಟರ್ ಫೋನ್. "ಸಾವ್ಕಾರ್ರೆ, ಗಾಡಿ ಮಂಕಾಗೈತಿ, ಮಾನಿಟರ್‌ನಾಗ ಏನೋ ಬಂದೈತಿ." ಮೆಕ್ಯಾನಿಕ್ ಬಂದ, ಪಂಪ್ ಕಂಟ್ರೋಲರ್ ಹೆಸರಲ್ಲಿ ಕೋಡ್ ಬಂದಿದೆ, ಅದೇ ಹೋಗಿದೆ ಅಂದ.

ಇಲ್ಲೇ ಒಂದು ಮಾತು. ಇಂಜಿನ್‌ಗೊಂದು ಕಂಟ್ರೋಲರ್, ಪಂಪ್‌ಗೊಂದು, ಜೊತೆಗೆ ಮಾನಿಟರ್. ಇವೆಲ್ಲ ಮಾತಾಡಿಕೊಳ್ಳುವುದು ಹುರಿ ಹಾಕಿದ ಎರಡು ವೈರ್‌ಗಳ ಮೇಲೆ, ಕ್ಯಾನ್ ಲೈನ್ ಅಂತಾರೆ. ಕೋಡ್‌ನಲ್ಲಿ ಪಂಪ್ ಕಂಟ್ರೋಲರ್ ಹೆಸರು ಬಂದರೆ ಅದರ ಮಾತು ಕೇಳಿಸುತ್ತಿಲ್ಲ ಅಂತ ಅರ್ಥ, ಅದು ಕೆಟ್ಟಿದೆ ಅಂತಲ್ಲ. ಫೋನ್ ಮಾಡಿದಾಗ ನಾಟ್ ರೀಚಬಲ್ ಬಂತು ಅಂತ ಆ ಮನುಷ್ಯನ ತಿಥಿ ಮಾಡ್ತೀರಾ?

ಈಗ ನನ್ನ ತಪ್ಪಿಗೆ ಬರುತ್ತೇನೆ. ನಾನು ಮಲ್ಟಿಮೀಟರ್ ಹಿಡಿಯದೇ ದುಡ್ಡು ಕಳೆದುಕೊಂಡವನಲ್ಲ. ಮೀಟರ್ ಹಿಡಿದೇ ಕಳೆದುಕೊಂಡೆ! ಲೈನಿನ ತುದಿಯಲ್ಲಿ 120 ಓಮ್ಸ್ ರೆಸಿಸ್ಟರ್ (ಕರೆಂಟಿಗೆ ಅಡ್ಡಿ ಒಡ್ಡುವ ಸಣ್ಣ ಬಿಡಿಭಾಗ, ಆ ಅಡ್ಡಿಯ ಅಳತೆ ಓಮ್ಸ್) ಇರುತ್ತದೆ, ಚೆಕ್ ಮಾಡು ಅಂತ ಗೆಳೆಯನೊಬ್ಬ ಫೋನಿನಲ್ಲಿ ಹೇಳಿದ್ದ. ಎರರ್ ಬಂದಿದ್ದಾಗಲೇ ಗಾಡಿ ಆಫ್ ಮಾಡಿ ಮೀಟರ್ ಇಟ್ಟೆ. 120 ಅಂತ ತೋರಿಸಿತು. ಫೋಟೊ ತೆಗೆದು ಎಲ್ಲರಿಗೂ ಕಳಿಸಿದೆ, ನೋಡ್ರಪ್ಪಾ ಲೈನ್ ಪಕ್ಕಾ ಇದೆ ಅಂತ. ಮೆಕ್ಯಾನಿಕ್ಕೂ ತಲೆ ಆಡಿಸಿದ.

ಆದರೆ ರೆಸಿಸ್ಟರ್ ಇರುವುದು ಒಂದಲ್ಲ, ಎರಡು. ಲೈನಿನ ಆ ತುದಿಗೊಂದು, ಈ ತುದಿಗೊಂದು, ಎರಡೂ ಅದೇ ಎರಡು ವೈರ್‌ಗಳ ನಡುವೆ ಅಡ್ಡ ಕೂತಿರುತ್ತವೆ. ನಾಲೆಯಿಂದ ಗದ್ದೆಗೆ ಒಂದೇ ಅಳತೆಯ ಎರಡು ತೂಬು ಇದ್ದ ಹಾಗೆ. ಎರಡೂ ತೆರೆದಿದ್ದರೆ ನೀರಿಗೆ ಅಡ್ಡಿ ಅರ್ಧ. ಹಾಗಾಗಿ ಎಲ್ಲ ಸರಿ ಇದ್ದರೆ ಮೀಟರ್ 60 ತೋರಿಸಬೇಕು, 120 ಅಲ್ಲ. 120 ಬಂತು ಅಂದರೆ ಒಂದು ತೂಬು ಮುಚ್ಚಿದೆ, ಅಂದರೆ ಒಂದು ತುದಿ ಕಡಿದಿದೆ. ತುದಿಯಲ್ಲಿ ರೆಸಿಸ್ಟರ್ ಇಲ್ಲದಿದ್ದರೆ ಸಿಗ್ನಲ್ ಅಲ್ಲಿಗೆ ಹೋಗಿ ಬಡಿದು ವಾಪಸ್ ಬರುತ್ತದೆ, ಬಾವಿಯೊಳಗೆ ಮಾತಾಡಿದ ಹಾಗೆ ಒಂದರ ಮೇಲೊಂದು. ಲೈನ್ ಪೂರ್ತಿ ಸಾಯುವುದಿಲ್ಲ. ಒಮ್ಮೆ ಕೇಳಿಸುತ್ತದೆ, ಒಮ್ಮೆ ಇಲ್ಲ. ಮೀಟರ್ ನನಗೆ ಸತ್ಯವನ್ನೇ ಹೇಳಿತ್ತು, ನಾನು ಅದನ್ನು ತಲೆಕೆಳಗಾಗಿ ಓದಿದೆ.

85 ಸಾವಿರಕ್ಕೆ ಹಳೇ ಕಂಟ್ರೋಲರ್ ಬಂತು. ಹಾಕಿದ ತಕ್ಷಣ ಗಾಡಿ ಸರಿಹೋಯಿತು! ಎಲ್ಲರಿಗೂ ಬೆಣ್ಣೆ ದೋಸೆ ಕೊಡಿಸಿದೆ. ಒಂಬತ್ತು ದಿನ ಓಡಿತು, ಹತ್ತನೇ ದಿನ ಅದೇ ಎರರ್. ಕಂಟ್ರೋಲರ್ ಬದಲಿಸುವಾಗ ಮೆಕ್ಯಾನಿಕ್ ವೈರ್ ಜೋಡಿಸುವ ಕಪ್ಲರ್‌ಗಳನ್ನೆಲ್ಲ ಕಿತ್ತು ಮತ್ತೆ ಒತ್ತಿದ್ದ, ಅದಕ್ಕೇ ಒಂಬತ್ತು ದಿನ ಸರಿಯಿತ್ತು, ಕಂಟ್ರೋಲರ್‌ನಿಂದಲ್ಲ. ಇದು ಗೊತ್ತಾಗಿದ್ದು ಆಮೇಲೆ.

ಕೊನೆಗೆ ಪಿ.ಬಿ. ರೋಡ್‌ನ ಒಬ್ಬ ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಮೀಟರ್‌ನಾಗ ಎಷ್ಟು ಬಂತು ಅಂದರು. 120 ಅಂದೆ, ಸ್ವಲ್ಪ ಜಂಬದಿಂದಲೇ. "ಹಂಗಾದ್ರ ಇನ್ನೊಂದು ತುದಿ ಎಲ್ಲಿ ಹೋತು ತಮ್ಮಾ?" ಅಂದರು.

ಆ ತುದಿ ಇಂಜಿನ್ ಪಕ್ಕದಲ್ಲೇ ಇತ್ತು. ಹೆಬ್ಬೆರಳಿನಷ್ಟು ಕಪ್ಲರ್, ಅದರ ಬಾಯಿಗೆ ಮುಚ್ಚಳದ ಹಾಗೆ ರೆಸಿಸ್ಟರ್. ಬಿಚ್ಚಿದರೆ ಒಂದು ಪಿನ್ ಹಸಿರು ಕಿಲುಬು ಹಿಡಿದು, ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರುತ್ತಿತ್ತು. ಒಳಗಿನ ರಬ್ಬರ್ ಸೀಲ್ ಇರಲೇ ಇಲ್ಲ. ಮಾರುವ ಮುಂಚೆ ಪ್ರೆಷರ್ ಪಂಪಿನಲ್ಲಿ ತೊಳೆದು ಬಣ್ಣ ಹೊಡೆದಿದ್ದರಲ್ವಾ, ನೀರು ಹೋಗಿದ್ದು ಅಲ್ಲೇ ಇರಬೇಕು. ಪಿನ್, ಸೀಲ್, ಕೂಲಿ ಸೇರಿ 600 ರೂಪಾಯಿ. 85 ಸಾವಿರದ ಡಬ್ಬ ಈಗಲೂ ನಮ್ಮ ಮನೆಯ ಅಟ್ಟದ ಮೇಲಿದೆ.

ಆದ್ದರಿಂದ ಹೊಸದಾ ಹಳೆಯದಾ ಅನ್ನುವ ಪ್ರಶ್ನೆಯೇ ಈಗ ಬೇಡ. ಮೊದಲು ಕೀ ಆಫ್ ಮಾಡಿ, ಬ್ಯಾಟರಿ ಕಟ್-ಆಫ್ ಸ್ವಿಚ್ ಕೂಡ ಆಫ್ ಮಾಡಿ, ಎರಡು ನಿಮಿಷ ಬಿಡಿ. ಕರೆಂಟ್ ಇದ್ದಾಗ ಓಮ್ಸ್ ನೋಡಿದರೆ ಬಾಯಿಗೆ ಬಂದ ನಂಬರ್ ತೋರಿಸುತ್ತದೆ. ಜೆ1939 ಪದ್ಧತಿಯ (ದೊಡ್ಡ ಗಾಡಿಗಳ ಕ್ಯಾನ್ ಲೈನಿನ ಒಂದು ಸ್ಟ್ಯಾಂಡರ್ಡ್) ಒಂಬತ್ತು ಪಿನ್ನಿನ ದುಂಡು ಕಪ್ಲರ್ ಇದ್ದರೆ 'ಸಿ' ಮತ್ತು 'ಡಿ' ಪಿನ್‌ಗಳ ನಡುವೆ ಹಿಡಿಯಿರಿ. 60ರ ಆಸುಪಾಸು ಬಂದರೆ ಸರಿ. 40 ಬಂದರೆ ಯಾರೋ ಮೂರನೇ ರೆಸಿಸ್ಟರ್ ಸೇರಿಸಿದ್ದಾರೆ, ಸೊನ್ನೆ ಹತ್ತಿರ ಬಂದರೆ ಎರಡು ವೈರ್ ಎಲ್ಲೋ ತಾಗಿವೆ. ಮೀಟರ್ ಹಾಗೇ ಇಟ್ಟು ಇನ್ನೊಬ್ಬರಿಂದ ಹಾರ್ನೆಸ್ (ವೈರ್ ಕಟ್ಟು) ಅಲ್ಲಾಡಿಸಿ, ನಂಬರ್ ಕುಣಿದರೆ ಅಲ್ಲೇ ಕಳ್ಳ ಸಿಕ್ಕ. ಕೆಲವು ಗಾಡಿಗಳಲ್ಲಿ ರೆಸಿಸ್ಟರ್ ಕಂಟ್ರೋಲರ್ ಒಳಗೇ ಇರುತ್ತದೆ, ಅದರ ಕಪ್ಲರ್ ಕಿತ್ತು ಅಳೆದು 120 ಬಂದರೆ ಗಾಬರಿ ಬೇಡ.

60 ಬಂದರೆ ಕೀ ಆನ್ ಮಾಡಿ ಅರ್ತ್‌ಗೆ ವೋಲ್ಟ್ ನೋಡಿ. ಎರಡು ವೈರ್‌ನಲ್ಲೂ ಎರಡೂವರೆ ವೋಲ್ಟ್ ಆಸುಪಾಸು ಇರಬೇಕು, ಒಂದು ಸ್ವಲ್ಪ ಜಾಸ್ತಿ, ಒಂದು ಸ್ವಲ್ಪ ಕಮ್ಮಿ. ಕಂಟ್ರೋಲರ್‌ಗೆ 24 ವೋಲ್ಟ್ ಮತ್ತು ಗಟ್ಟಿ ಅರ್ತ್ ಬರುತ್ತಿದೆಯಾ ಅಂತಲೂ ನೋಡಿ. ಇಷ್ಟೆಲ್ಲ ಸರಿಯಿದ್ದೂ ಎರರ್ ಬಂದರೆ ಮಾತ್ರ ಕಂಟ್ರೋಲರ್ ಮೇಲೆ ಅನುಮಾನ ಪಡಿ. ಹಳೇ ಮಾಲೀಕ ಕಪ್ಲರ್ ಕೀಳದೆ ಬೂಮ್‌ಗೆ ವೆಲ್ಡಿಂಗ್ ಮಾಡಿಸಿದ್ದರೆ ವೆಲ್ಡಿಂಗ್ ಕರೆಂಟ್ ಹೊಡೆದು ಕಂಟ್ರೋಲರ್ ನಿಜವಾಗಿಯೂ ಸತ್ತಿರಬಹುದು. ಆಗಲೂ ಇಂಜಿನ್ ಕಂಟ್ರೋಲರ್ ಅಂತೂ ಸ್ಕ್ರ್ಯಾಪ್‌ನಿಂದ ತಂದು ಸುಮ್ನೆ ಸಿಕ್ಕಿಸಬೇಡಿ, ಕಾಮನ್ ರೈಲ್ ಇಂಜಿನ್ (ಕಂಪ್ಯೂಟರ್ ಹಿಡಿತದಲ್ಲಿ ಡೀಸೆಲ್ ಚಿಮ್ಮಿಸುವಂಥದ್ದು) ಆದರೆ ಕಂಟ್ರೋಲರ್ ಒಳಗೆ ಆ ಗಾಡಿಯ ಡೀಸೆಲ್ ಇಂಜೆಕ್ಟರ್ ಕೋಡ್‌ಗಳಿರುತ್ತವೆ.

ನಾಳೆ ಬೆಳಿಗ್ಗೆ ಒಮ್ಮೆ, ಎರರ್ ಬಂದ ಮೇಲೆ ಒಮ್ಮೆ ಅಳೆದು ಎರಡೂ ನಂಬರ್ ಇಲ್ಲಿ ಹಾಕಿ. ಅಲ್ಲಿಯವರೆಗೆ ಮೆಕ್ಯಾನಿಕ್ ಫೋನ್ ಮಾಡಿದರೆ ಊರಲ್ಲಿಲ್ಲ ಅನ್ನಿ.