ಪದ ಪ್ರಶ್ನೆ: ಒಳ್ಳೆಯ ‘ಬುದಿ’, ಕೆಟ್ಟ ‘ಬುದ್‌ಹಿ’

ಪ್ರಶ್ನೆ: ಜೊತೆಗೆ ಕೆಲಸ ಮಾಡುವ ಇಂಡೊನೇಷ್ಯಾದವರೊಬ್ಬರ ಹೆಸರು ಬುದಿ. ಒಳ್ಳೆಯ ಗುಣ ಅಂತ ಅರ್ಥವಂತೆ. ಸೆಬು ದ್ವೀಪದ ಫಿಲಿಪಿನೊ ಗೆಳೆಯರು, ‘ನಮ್ಮಲ್ಲಿ ಅದು ದ್ರೋಹ’ ಎಂದು ನಗುತ್ತಾರೆ. ಎರಡೂ ನಮ್ಮ ‘ಬುದ್ಧಿ’ಯೇ?
— ಓದುಗರೊಬ್ಬರು, ದುಬೈ

ಉತ್ತರ: ಹೌದು, ಎರಡೂ ಸಂಸ್ಕೃತದ ಬುದ್ಧಿಯೇ. ಇಂಡೊನೇಷ್ಯನ್‌ನಲ್ಲಿ ಅದು ತಲೆಗಿಂತ ನಡತೆಗೆ ಹತ್ತಿರ. ‘ಬುದಿ ಬಹಾಸ’ ಎಂದರೆ ಸಭ್ಯ ನಡೆನುಡಿ. ‘ಉತಾಂಗ್ ಬುದಿ’ ಉಪಕಾರದ ಋಣ. ‘ಬಾಲಸ್ ಬುದಿ’ ಆ ಋಣ ತೀರಿಸುವುದು. 1908ರ ಮೇ 20ರಂದು ಜಾವಾದಲ್ಲಿ ಹುಟ್ಟಿದ ‘ಬುದಿ ಉತೊಮೊ’ ಸಂಘದ ಹೆಸರಲ್ಲಿ ನಮ್ಮ ‘ಉತ್ತಮ’ವೂ ಇದೆ.

ಸೆಬು ದ್ವೀಪದ ಭಾಷೆಯಾದ ಸೆಬುವಾನೊದಲ್ಲಿ ‘ಪಗ್‌ಬುದ್‌ಹಿ’ ಎಂದರೆ ನಂಬಿಸಿ ಕೈಕೊಡುವುದು. ಯೇಸುವನ್ನು ಹಿಡಿದುಕೊಟ್ಟ ಯೂದನ ಕೆಲಸಕ್ಕೆ ಇದೇ ಮಾತು. ಆದರೆ ಅದೇ ದೇಶದ ತಗಾಲೊಗ್‌ನಲ್ಲಿ ‘ಬುದ್‌ಹಿ’ ಅಂತಃಸಾಕ್ಷಿ. ಹಾಗಾಗಿ ಪದ ಹೋಗುವಾಗಲೇ ಕೆಟ್ಟದಾಗಿರಲಿಲ್ಲ. ಬುದ್ಧಿ ಉಪಾಯವಾಗಿ, ಉಪಾಯ ಮೋಸವಾಗಿ ಜಾರಿರಬೇಕು. ಇಂಡೊನೇಷ್ಯನ್‌ನಲ್ಲೇ ‘ಅಕಲ್’ (ಅರಬ್ಬಿಯಿಂದ ಬಂದದ್ದು, ನಮ್ಮ ಅಕಲಿನ ಬಂಧು) ಎಂದರೆ ವಿವೇಕ, ‘ಮೆಂಗಕಲಿ’ ಎಂದರೆ ಟೋಪಿ ಹಾಕುವುದು. ನಾವೂ ‘ಕೊನೆಗೂ ತನ್ನ ಬುದ್ಧಿ ತೋರಿಸಿದ’ ಎನ್ನುವುದು ಹೊಗಳಿಕೆಗಲ್ಲವಲ್ಲ!

ಉಚ್ಚಾರಣೆ ಗಮನಿಸಿ. ಇಂದಿನ ಇಂಡೊನೇಷ್ಯನ್ ಮಹಾಪ್ರಾಣವನ್ನು ಕಳಚಿ ‘ಬುದಿ’ ಎನ್ನುತ್ತದೆ. ಫಿಲಿಪೀನ್ಸ್ ಭಾಷೆಗಳು ‘ದ್’, ‘ಹಿ’ ಎಂದು ಬಿಡಿಸಿ ಎರಡನ್ನೂ ಉಳಿಸಿಕೊಂಡಿವೆ. ತಗಾಲೊಗ್‌ನ ‘ಮುಕ್‌ಹಾ’ (ಮುಖ) ಕೂಡ ಹಾಗೆಯೇ. ಮಹಾಪ್ರಾಣ ಅಳಿಯುವ ಮೊದಲೇ ಪದ ದಾಟಿದೆ ಎನ್ನಲು ಇದು ಸಾಕು. ದಾರಿ ಹಳೆಯ ಮಲಯ (ಇಂಡೊನೇಷ್ಯನ್‌ನ ಮೂಲ) ಮತ್ತು ಜಾವಾ ಭಾಷೆಗಳದ್ದು. ಫಿಲಿಪೀನ್ಸ್‌ನಲ್ಲಿ ಸಿಕ್ಕ ಲಗೂನಾ ತಾಮ್ರಪಟವನ್ನೇ ನೋಡಿ: ಸಂಸ್ಕೃತ ಪದಗಳು ತುಂಬಿದ ಹಳೆಯ ಮಲಯ, ಕಾಲ ಶಕವರ್ಷ 822, ಅಂದರೆ ಕ್ರಿ.ಶ. 900, ತಿಂಗಳು ವೈಶಾಖ!

ಇಲ್ಲಿ ಅನೇಕರು ಎಡವುವುದುಂಟು. ಇಂಡೊನೇಷ್ಯನ್, ಸೆಬುವಾನೊ ಎರಡರಲ್ಲೂ ಇರುವ ಪದವೆಲ್ಲ ಸಂಸ್ಕೃತವಲ್ಲ. ಮಾತ (ಕಣ್ಣು), ಅನಕ್ (ಮಗು), ಲಂಗಿತ್ (ಆಕಾಶ) ಇವು ಈ ಭಾಷೆಗಳೆಲ್ಲ ಸೇರಿದ ಆಸ್ಟ್ರೊನೇಷ್ಯನ್ ಕುಟುಂಬದ ಸ್ವಂತ ಆಸ್ತಿ. ಪರೀಕ್ಷಿಸಬೇಕೆಂದರೆ ಒಂದೇ ಪದ ಹಿಡಿಯಬೇಡಿ, ಜೋಡಿಗಳನ್ನು ಸಾಲಾಗಿ ಬರೆದುಕೊಳ್ಳಿ. ಇಂಡೊನೇಷ್ಯನ್‌ನ ‘ಎನಮ್’ (ಆರು), ‘ಎಂಪತ್’ (ನಾಲ್ಕು) ಸೆಬುವಾನೊದಲ್ಲಿ ‘ಉನೊಮ್’, ‘ಉಪತ್’. ಮೊದಲ ‘ಎ’ ಎರಡರಲ್ಲೂ ‘ಉ’ ಆಗಿದೆ. ‘ಪುತಿಹ್’ (ಬಿಳಿ), ‘ಬಸಹ್’ (ಒದ್ದೆ) ಅಲ್ಲಿ ‘ಪುತಿ’, ‘ಬಸ’. ಕೊನೆಯ ಹಕಾರದ ಜಾಗದಲ್ಲಿ ಗಂಟಲು ಗಕ್ಕನೆ ನಿಲ್ಲುತ್ತದೆ. ಹೀಗೆ ವ್ಯತ್ಯಾಸ ಕ್ರಮಬದ್ಧವಾಗಿದ್ದರೆ ಪದ ಹುಟ್ಟಿನಿಂದ ಬಂದದ್ದು. ಸೆಬುವಾನೊದ ಇನ್ನೊಂದು ‘ಬಸ’ಕ್ಕೆ ಓದು ಎಂದರ್ಥ, ಅದು ಮಲಯದ ‘ಬಾಚ’, ಮೂಲದಲ್ಲಿ ನಮ್ಮ ‘ವಾಚನ’ದ ಬಳಗ. ಬರಹದಲ್ಲಿ ಎರಡೂ ಸಾಮಾನ್ಯವಾಗಿ ಒಂದೇ ರೀತಿ ಕಾಣುವುದರಿಂದ, ಗೆಳೆಯರ ಬಾಯಲ್ಲಿ ಹೇಳಿಸಿ ಕೇಳಿ.