ಎರಡು ಎಕರೆ ಕಬ್ಬಿಗೆ ಕೃತಕ ಬುದ್ಧಿಮತ್ತೆಯಿಂದೇನು?

ಪ್ರಶ್ನೆ: ದತ್ತಾಂಶ ಮತ್ತು ಕೃತಕ ಬುದ್ಧಿಮತ್ತೆಯಿಂದ ಎಲ್ಲ ಉದ್ಯಮಗಳೂ ಬದಲಾಗುತ್ತಿವೆ ಎನ್ನುತ್ತಾರೆ. ಎರಡು ಎಕರೆ ಕಬ್ಬು ಬೆಳೆಯುವ ನಮ್ಮಂಥವರಿಗೆ ಇದರಿಂದ ಪ್ರಯೋಜನವಿದೆಯೇ?
– ಓದುಗರೊಬ್ಬರು, ಮದ್ದೂರು ತಾಲ್ಲೂಕು

ಉತ್ತರ: ಖಂಡಿತ ಇದೆ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ಸುಮಾರು 5 ದಿನಗಳಿಗೊಮ್ಮೆ ನಿಮ್ಮ ಗದ್ದೆಯ ಚಿತ್ರ ತೆಗೆಯುತ್ತವೆ. ಆ ಚಿತ್ರದ ಒಂದು ಚುಕ್ಕೆ ನೆಲದ ಮೇಲೆ 10 ಮೀಟರ್ ಉದ್ದಗಲದ ಚೌಕ, ಅಂದರೆ ಹೆಚ್ಚುಕಡಿಮೆ ಒಂದು ಗುಂಟೆ. ಚಿತ್ರಗಳು ಉಚಿತ. ಆರೋಗ್ಯವಂತ ಎಲೆಯು ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹೆಚ್ಚಾಗಿ ಪ್ರತಿಫಲಿಸುವುದರಿಂದ, ಈ ವ್ಯತ್ಯಾಸ ಕಡಿಮೆಯಾದ ಗುಂಟೆಯಲ್ಲಿ ನೀರಿನ ಕೊರತೆಯೋ ರೋಗವೋ ಇರಬಹುದೆಂದು ಗಣಕಯಂತ್ರ ಎಚ್ಚರಿಸಬಲ್ಲದು. ಯಾವುದೆಂದು ತಿಳಿಯಲು ಗದ್ದೆಗಿಳಿದು ಸುಳಿ, ಬೇರು ನೋಡಲೇಬೇಕು. ಮಳೆಗಾಲದಲ್ಲಿ ಮೋಡ ಅಡ್ಡ ಬರುತ್ತದೆ.

ನನ್ನ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ಅನುಕೂಲ ಆಗಬೇಕಾದದ್ದು ಕಟಾವಿನಲ್ಲಿ. ಕಡಿದ ಕಬ್ಬು ಕಾರ್ಖಾನೆಯ ಮುಂದೆ ಗಾಡಿಯಲ್ಲಿ ನಿಂತಷ್ಟೂ ಅದರ ತೂಕವೂ ಸಕ್ಕರೆ ಅಂಶವೂ ಇಳಿಯುತ್ತವೆ. ತಳಿ, ನಾಟಿಯ ದಿನ, ಹೊಸ ಬೆಳೆಯೋ ಕೂಳೆಯೋ (ಕಡಿದ ಬುಡದಿಂದ ಮತ್ತೆ ಚಿಗುರಿದ ಬೆಳೆ), ಹಿಂದಿನ ವರ್ಷಗಳ ಇಳುವರಿ ಎಷ್ಟು ಎಂಬ ಮಾಹಿತಿ ಸರಿಯಾಗಿದ್ದರೆ, ಯಾವ ಗದ್ದೆ ಯಾವಾಗ ಮಾಗುತ್ತದೆಂದು ಅಂದಾಜಿಸಿ, ಕಾರ್ಖಾನೆಯ ಅರೆಯುವ ಸಾಮರ್ಥ್ಯಕ್ಕೆ ತಕ್ಕಂತೆ ಕಟಾವಿನ ಸರದಿಯನ್ನು ಹೊಂದಿಸಲು ಸಾಧ್ಯ. ನಾಟಿಯ ದಿನವನ್ನೇ ತಪ್ಪಾಗಿ ಬರೆಸಿದ್ದರೆ ಎಂಥ ಯಂತ್ರವೂ ಎಡವುತ್ತದೆ. ಆದ್ದರಿಂದ ನಾಟಿ, ಗೊಬ್ಬರ, ನೀರು, ಇಳುವರಿಯ ಲೆಕ್ಕವನ್ನು ಈಗಿನಿಂದಲೇ ಬರೆದಿಡಿ. ಯಾವುದಾದರೂ ಆ್ಯಪ್ ಅದನ್ನು ಕೇಳಿದರೆ, ಯಾರಿಗೆ, ಏತಕ್ಕೆ ಎಂದು ವಿಚಾರಿಸಿಯೇ ಒಪ್ಪಿಗೆ ಕೊಡಿ.