ನಿಂತ ರಿಯಾಕ್ಟರ್ ಮತ್ತೆ ಓಡಿದರೆ ನಮ್ಮ ಬಿಲ್ಲಿಗೇನು?

ಪ್ರಶ್ನೆ: ರಾಜಸ್ಥಾನದ ರಾವತ್‌ಭಾಟಾದ 3ನೇ ಅಣು ವಿದ್ಯುತ್ ಘಟಕ 2022ರಲ್ಲಿ ನಿಂತು, 2024ರಲ್ಲಿ ಮತ್ತೆ ಶುರುವಾಯಿತು ಎಂದು ಓದಿದೆ. ನಮ್ಮ ಕೈಗಾದ ಮೊದಲೆರಡು ಘಟಕಗಳೂ ಅದರಂತೆ 2000ನೇ ಇಸವಿಯವು. ಘಟಕ ಹೀಗೆ ನಿಂತಿರುವಾಗಲೂ ನಾವು ಅದಕ್ಕೆ ದುಡ್ಡು ಕಟ್ಟುತ್ತಿರುತ್ತೇವೆಯೇ? ಮತ್ತೆ ಓಡಿದರೆ ಬಿಲ್ಲು ಇಳಿಯುತ್ತದೆಯೇ? ಹಳೇ ಯಂತ್ರವನ್ನು ನಂಬಬಹುದೇ?
– ಓದುಗರೊಬ್ಬರು, ರಾಜಾಜಿನಗರ

ಉತ್ತರ: ನಿಂತ ಘಟಕಕ್ಕೆಂದು ನೇರವಾಗಿ ಏನೂ ಕಟ್ಟುವುದಿಲ್ಲ. ಅಣು ವಿದ್ಯುತ್ತಿಗೆ ಇರುವುದು ಒಂದೇ ದರ. ಬಂದ ಯೂನಿಟ್ಟಿಗಷ್ಟೇ ಹಣ. ಕಲ್ಲಿದ್ದಲು ಸ್ಥಾವರಗಳಿಗಾದರೆ ಯೂನಿಟ್ ದರದ ಜೊತೆಗೆ ನಿಗದಿತ ಶುಲ್ಕವೂ ಇದೆ, ಸ್ಥಾವರ ಸಿದ್ಧವಿದ್ದು ನಾವು ಕರೆಂಟು ಕೊಳ್ಳದಿದ್ದರೂ ಅದನ್ನು ಕೊಡಬೇಕು.

ಹೊರೆ ಬೀಳುವುದು ಬೇರೆ ದಾರಿಯಲ್ಲಿ. ಕೈಗಾದ 220 ಮೆಗಾವಾಟ್ ಘಟಕ ತನ್ನದೇ ಪಂಪುಗಳಿಗೆ ಹತ್ತರಲ್ಲೊಂದು ಪಾಲು ತಿಂದು ಸುಮಾರು 200 ಮೆಗಾವಾಟ್ ಹೊರಗೆ ಕೊಡುತ್ತದೆ, ಅಂದರೆ ದಿನಕ್ಕೆ 48 ಲಕ್ಷ ಯೂನಿಟ್. ಅದರಲ್ಲಿ ದಕ್ಷಿಣದ ಬೇರೆ ರಾಜ್ಯಗಳ ಪಾಲೂ ಇದೆ. ನಮ್ಮ ಪಾಲು ತಪ್ಪಿದರೆ ಎಸ್ಕಾಂಗಳು ಬೇರೆಡೆ ಕೊಳ್ಳಬೇಕು. ಏಪ್ರಿಲ್ ಸಂಜೆ ವಿದ್ಯುತ್ ವಿನಿಮಯ ಕೇಂದ್ರದಲ್ಲಿ ಯೂನಿಟ್ ಬೆಲೆ 10 ರೂಪಾಯಿಯ ಮಿತಿಯವರೆಗೂ ಏರಬಹುದು. ಹೀಗೆ ಹೆಚ್ಚು ಕೊಟ್ಟದ್ದು ಬೆಸ್ಕಾಂ ಬಿಲ್ಲಿನ ‘ಎಫ್‌ಪಿಪಿಸಿಎ’ (ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ) ಸಾಲಿನಲ್ಲಿ, ಯೂನಿಟ್ಟಿಗೆ ಇಷ್ಟು ಪೈಸೆ ಎಂದು, ಒಂದೆರಡು ತಿಂಗಳು ತಡವಾಗಿ ಬರುತ್ತದೆ. 250 ಯೂನಿಟ್ ಬಳಸುವ ಮನೆಗೆ 10 ಪೈಸೆಯೆಂದರೆ 25 ರೂಪಾಯಿ. ಘಟಕ ಮರಳಿದಾಗ ಈ ಸಾಲು ಸ್ವಲ್ಪ ತಗ್ಗಬಹುದು. ಆದರೆ ದುರಸ್ತಿಯ ಖರ್ಚು ಮುಂದಿನ ದರದಲ್ಲಿ ಸೇರಿಯೇ ಬರುವುದರಿಂದ ಒಟ್ಟು ಬಿಲ್ಲು ಇಳಿದೀತೆಂದು ಲೆಕ್ಕ ಹಾಕಬೇಡಿ.

ಇನ್ನು ನಂಬಿಕೆಯ ಮಾತು. ಇಲ್ಲಿ ನೋಡಬೇಕಾದದ್ದು ಘಟಕದ ವಯಸ್ಸಿಗಿಂತ ಒಳಗೆ ಏನನ್ನು ಬದಲಿಸಿದರು ಎಂಬುದನ್ನು. ಈ ಬಗೆಯ ರಿಯಾಕ್ಟರಿನಲ್ಲಿ 306 ಅಡ್ಡ ಕೊಳವೆಗಳಿವೆ. ಜಿರ್ಕೋನಿಯಂ-ನಿಯೋಬಿಯಂ ಮಿಶ್ರಲೋಹದ, ಒಳಗೆ ಸುಮಾರು ಎಂಟು ಸೆಂಟಿಮೀಟರ್ ಅಗಲದ ಈ ಕೊಳವೆಗಳಲ್ಲಿ ಇಂಧನ ಕೂತಿರುತ್ತದೆ, ಸುಮಾರು 290 ಡಿಗ್ರಿಯ ಭಾರಜಲ ಹರಿಯುತ್ತದೆ. ಪ್ರತಿ ಕೊಳವೆಯ ಸುತ್ತ ಇನ್ನೊಂದು ತಣ್ಣನೆಯ ಕೊಳವೆ. ಎರಡೂ ತಾಗದಂತೆ ನಡುವೆ ಬಳೆಯಂಥ ಸಣ್ಣ ಸ್ಪ್ರಿಂಗುಗಳು. ವರ್ಷಗಳ ಶಾಖಕ್ಕೂ ನ್ಯೂಟ್ರಾನ್ ಹೊಡೆತಕ್ಕೂ ಒಳಗಿನ ಕೊಳವೆ ನಡುವಿನಲ್ಲಿ ಜೋಲುತ್ತದೆ. ಸ್ಪ್ರಿಂಗ್ ಜಾಗ ಬಿಟ್ಟು ಸರಿದಿದ್ದರೆ ಹೊರಗಿನದಕ್ಕೆ ತಾಗುತ್ತದೆ. ತಾಗಿದ ಕಡೆ ಲೋಹ ತಣ್ಣಗಾಗಿ, ಅದು ಹೀರಿಕೊಂಡ ಹೈಡ್ರೋಜನ್ನೆಲ್ಲ ಅಲ್ಲಿಗೇ ಸೇರಿ ಬೊಬ್ಬೆ ಕಟ್ಟುತ್ತದೆ. ಆ ಜಾಗ ಪೆಡಸಾಗಿ ಬಿರುಕು ಬಿಡುತ್ತದೆ. ರಾವತ್‌ಭಾಟಾದಲ್ಲಿ ಈ ಕೊಳವೆಗಳನ್ನೆಲ್ಲ ತೆಗೆದು ಹೊಸವನ್ನು ಕೂರಿಸಿದರು; ಅದಕ್ಕೇ ಅಷ್ಟು ಸಮಯ ಹಿಡಿಯಿತು.

ಕೊಳವೆ ಹೊಸದಾದ ಮಾತ್ರಕ್ಕೆ ನಿಶ್ಚಿಂತೆಯೂ ಇಲ್ಲ. ಗುಜರಾತಿನ ಕಾಕ್ರಾಪಾರದ 1ನೇ ಘಟಕದಲ್ಲಿ 2016ರ ಮಾರ್ಚ್ 11ರಂದು ಸೋರಿದ್ದು ಬದಲಿಸಿದ ಕೊಳವೆಯೇ. ಹೊಸ ಕೊಳವೆಗಳೊಂದಿಗೆ ಆ ಘಟಕ ಓಡತೊಡಗಿ ಐದು ವರ್ಷವಷ್ಟೇ ಆಗಿತ್ತು. ಆದ್ದರಿಂದ ಕೊಳವೆಗಳ ತಪಾಸಣೆ ಎಷ್ಟು ವರ್ಷಕ್ಕೊಮ್ಮೆ ನಡೆಯುತ್ತದೆ ಎಂದು ಗ್ರಾಹಕರು ಧೈರ್ಯವಾಗಿ ಕೇಳಬೇಕು. ದರದ ಬಗ್ಗೆಯಾದರೆ, ಕೆಇಆರ್‌ಸಿ (ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ) ದರ ಪರಿಷ್ಕರಣೆಗೆ ಮುನ್ನ ಆಕ್ಷೇಪಣೆ ಆಹ್ವಾನಿಸಿದಾಗ ಯಾವ ಗ್ರಾಹಕರಾದರೂ ಲಿಖಿತವಾಗಿ ಸಲ್ಲಿಸಬಹುದು.

ಪ್ರಶ್ನೆ: ಕರೆಂಟಿನ ಅಭಾವವಿದ್ದಾಗ ನಿಂತ ಅಣು ಘಟಕವನ್ನು ಕೂಡಲೇ ಚಾಲೂ ಮಾಡಲು ಏಕಾಗದು?
– ವಿದ್ಯಾರ್ಥಿನಿ, ಜಯನಗರ

ಉತ್ತರ: ಪೂರ್ಣ ಶಕ್ತಿಯಲ್ಲಿ ಓಡುತ್ತಿದ್ದ ರಿಯಾಕ್ಟರ್ ದಿಢೀರನೆ ನಿಂತರೆ ಒಳಗೆ ಜೀನಾನ್-135 ಎಂಬ ಅನಿಲ ಹೆಚ್ಚುತ್ತಾ ಹೋಗಿ, ಅಣು ಒಡೆಯುವ ಸರಣಿಯನ್ನು ನಡೆಸುವ ನ್ಯೂಟ್ರಾನುಗಳನ್ನು ನುಂಗುತ್ತದೆ. ಅರ್ಧ ಗಂಟೆಯೊಳಗೆ ಎಬ್ಬಿಸಿದರೆ ಸರಿ. ಇಲ್ಲವಾದರೆ ಅದು ಕರಗುವ ತನಕ ಸುಮಾರು ಒಂದೂವರೆ ದಿನ ಕಾಯಲೇಬೇಕು. ತಿಂಗಳುಗಟ್ಟಲೆ ನಿಂತದ್ದಾದರೆ ಜೀನಾನ್ ಕಾಟವಿಲ್ಲ. ಆದರೆ ಸುರಕ್ಷತೆಗೆಂದು ಭಾರಜಲದಲ್ಲಿ ಕರಗಿಸಿಟ್ಟ ನ್ಯೂಟ್ರಾನ್‌ಹೀರುಕವನ್ನು ರಾಳದ ಮೂಲಕ ಹಾಯಿಸಿ ನಿಧಾನವಾಗಿ ತೆಗೆಯಬೇಕು. ಆಮೇಲೆ ಕಡಿಮೆ ಶಕ್ತಿಯಲ್ಲಿ ಪರೀಕ್ಷೆಗಳು, ಅಣುಶಕ್ತಿ ನಿಯಂತ್ರಣ ಮಂಡಳಿಯ ಒಪ್ಪಿಗೆ, ಹಂತಹಂತವಾಗಿ ಏರಿಕೆ. ಆ ಹೊತ್ತಿನ ಕೊರತೆಯನ್ನು ತುಂಬಲು ಶರಾವತಿಯಂಥ ಜಲವಿದ್ಯುತ್ ಬೇಕು; ಅಲ್ಲಿನ ಟರ್ಬೈನುಗಳು ಕೆಲವೇ ನಿಮಿಷಗಳಲ್ಲಿ ಕರೆಂಟು ಕೊಡುತ್ತವೆ, ಲಿಂಗನಮಕ್ಕಿಯಲ್ಲಿ ನೀರಿದ್ದರೆ.